ಜೂನ್ ಮೂವತ್ತೊಂದು

ಜೂನ್ ತಿಂಗಳಿಗೆ ಮೂವತ್ತೊಂದು ದಿನ ಅಂತ ಬರ್ದು, ಅದರ ಮುಂದೆ ಚಂದ ಮಾಡಿ ಸಹಿ ಹಾಕಿದವ ನಾನು. ಕುಡ್ದಿರ್ಲಿಲ್ಲ, ಜ್ವರ ಇರ್ಲಿಲ್ಲ. ಎದುರು ಗೋಡೆಯಲ್ಲೇ ಕ್ಯಾಲೆಂಡರ್ ತೂಗ್ತಾ ಇತ್ತು. ಇಂಥ ಕೆಲಸಕ್ಕೆ ಬುದ್ಧಿ ಬೇಕಾಗೂದಿಲ್ಲ, ಸೋಮಾರಿತನ ಸಾಕು. ಅದು ನನ್ನ ಹತ್ರ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿಗೆ ಹಂಚಿದ್ರೂ ಮುಗಿಯದಷ್ಟು ಇತ್ತು.

ಆಗ ನಾನು ಭಟ್ಕಳದಲ್ಲಿ ಒಬ್ಬ ಡಾಕ್ಟರ ಹತ್ರ ಕಂಪೌಂಡರ್. ವಯಸ್ಸು ಇಪ್ಪತ್ನಾಲ್ಕು. ನಮ್ಮ ಜಿಲ್ಲೆ ಮುಂಬೈಗೆ ಸೇರಿದ್ದ ಕಾಲದಲ್ಲೇ ಪರೀಕ್ಷೆ ಪಾಸಾಗಿ, ಇವ ಔಷಧಿ ಕೂಡಿಸಿ ಕೊಡ್ಲಿಕ್ಕೆ ಅಡ್ಡಿ ಇಲ್ಲ ಅಂತ ಸರಕಾರದ ಲೈಸೆನ್ಸ್ ತಕ್ಕೊಂಡಿದ್ದೆ. ಅದಕ್ಕೆ ಕಟ್ಟು, ಕನ್ನಡಿ ಹಾಕಿಸಿ, ದವಾಖಾನೆಯಲ್ಲಿ ಸರೀ ನನ್ನ ತಲೆ ಮೇಲೆ ಬರೋ ಹಾಗೆ ಮೊಳೆ ಹೊಡ್ದಿದ್ದೆ. ಬಂದವರು ಮೊದಲು ಅದನ್ನ ನೋಡ್ಲಿ, ಆಮೇಲೆ ನನ್ನನ್ನ ನೋಡ್ಲಿ ಅಂತ. ಬಂದವರು ಎರಡನ್ನೂ ನೋಡ್ದೆ ಬಾಟ್ಲಿ ಮುಂದೆ ಹಿಡೀತಿದ್ರು.

ಆಗ ಔಷಧಿ ಅಂದ್ರೆ ನೀರೌಷಧಿ. ಬಾಟ್ಲಿ ರೋಗಿಗಳೇ ಮನೆಯಿಂದ ತರ್ಬೇಕು. ಎಣ್ಣೆ ಬಾಟ್ಲಿ, ಜೇನಿನ ಬಾಟ್ಲಿ, ಇನ್ನು ಕೆಲವರದ್ದು ಹೆಸರು ಹೇಳೂದು ಬೇಡ, ಮೂಸಿದ್ರೆ ಗೊತ್ತಾಗ್ತಿತ್ತು. ನಾನು ತೊಳ್ದು, ಔಷಧಿ ತುಂಬಿ, ಬಿಳಿ ಕಾಗದ ಮಡಚಿ ಕತ್ತರಿಯಿಂದ ಕಚ್ಚು ಹಾಕಿ ಬಾಟ್ಲಿ ಬೆನ್ನಿಗೆ ಅಂಟಿಸ್ತಿದ್ದೆ. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ನಾನು ಹಾಕಿದ ಕಚ್ಚು ಒಂದು ಅಗಲ, ಒಂದು ಸಪೂರ ಇರ್ತಿತ್ತು. ಜನ ಬೆಳಿಗ್ಗೆ ಹೆಚ್ಚು ಕುಡ್ದು ಸಂಜೆ ಕಡಿಮೆ ಕುಡಿದು ಹೇಗೋ ಬದುಕ್ತಿದ್ರು.

ಅಫೀಮು ಸೇರಿದ ಔಷಧಿಗೆ ಮಾತ್ರ ಬೇರೆ ಪುಸ್ತಕ. ನಾವು ಅದಕ್ಕೆ ವಿಷದ ಬುಕ್ಕು ಅಂತಿದ್ವಿ. ಯಾರಿಗೆ, ಯಾವತ್ತು, ಎಷ್ಟು ಅಂತ ಕೊಟ್ಟ ಹೊತ್ತಿಗೇ ಬರ್ದು ಸಹಿ ಹಾಕ್ಬೇಕು. ಅದನ್ನ ತಕ್ಕೊಳ್ಳೋರು ಬೆರಳೆಣಿಕೆ ಜನ, ಯಾವಾಗ್ಲೂ ಅವರೇ. ಅವರಲ್ಲಿ ಮಾವಳ್ಳಿಯ ಒಬ್ಬಳು ಅಜ್ಜಿ. ಹೊಟ್ಟೆಯಲ್ಲಿ ಗಡ್ಡೆ. ಗುಣ ಆಗೂದಲ್ಲ, ನೋವಾದ್ರೂ ತಡೀಲಿ ಅಂತ ಡಾಕ್ಟರು ವಾರವಾರ ಕೊಡ್ತಿದ್ರು. ಪ್ರತಿ ಶನಿವಾರ ಬಸ್ಸಿಳಿದು, ಸೆರಗಿನಲ್ಲಿ ಸುತ್ತಿದ ಬಾಟ್ಲಿ ಹಿಡ್ಕೊಂಡು ಬಾಗಿಲಲ್ಲಿ ನಿಲ್ತಿದ್ದಳು.

ಪ್ರತಿ ಸಲ ಬುಕ್ಕು ತೆಗ್ದು, ಶಾಯಿ ಅದ್ದಿ, ಅದೇ ಹೆಸರು ಬರೆಯೂದು ಯಾವ ಕರ್ಮ? ನಾನು ಬುದ್ಧಿವಂತ, ತಿಂಗಳ ಮೊದಲ ದಿನವೇ ಕೂತು ಇಡೀ ತಿಂಗಳಿನದ್ದು ಒಂದೇ ಉಸಿರಿಗೆ ಬರ್ದು ಸಹಿ ಹಾಕಿ ಇಡ್ತಿದ್ದೆ. ಆ ಜೂನಿನಲ್ಲಿ ಮೊದಲ ಶನಿವಾರ ಮೂರನೇ ತಾರೀಖು ಬಿದ್ದಿತ್ತು. ಮೂರಕ್ಕೆ ಏಳು ಕೂಡಿಸಿದೆ, ಹತ್ತು. ಮತ್ತೆ ಏಳು, ಹದಿನೇಳು. ಮತ್ತೆ ಏಳು, ಇಪ್ಪತ್ನಾಲ್ಕು. ಅಲ್ಲಿಗೆ ಪೆನ್ನು ಕೆಳಗಿಟ್ಟಿದ್ರೆ ನಾನು ಈ ಕಥೆ ಬರೀತಾ ಇರ್ಲಿಲ್ಲ. ಕೂಡಿಸೂ ಹುರುಪಿನಲ್ಲಿ ಮತ್ತೊಂದು ಏಳು ಕೂಡಿಸಿದೆ. ಪಂಚಾಂಗ ಬರೆಯೋರಿಗೂ ಸಿಗದ ಒಂದು ದಿನ ನನಗೆ ಸಿಕ್ತು.

ಹೀಗೆ ಉಳಿದ ಸಮಯದಲ್ಲಿ ನಾನು ಎಂತ ಮಾಡ್ತಿದ್ದೆ? ಡಾಕ್ಟರು ರೋಗಿ ನೋಡ್ಲಿಕ್ಕೆ ಪಕ್ಕದ ಜಾಲಿ ಊರಿನ ಕಡೆ ಹೋದ ಕೂಡಲೇ ದವಾಖಾನೆಗೆ ಬೀಗ ಹಾಕಿ, ಪಕ್ಕದ ಚಾ ಅಂಗಡಿಯ ಹಿಂದೆ ಕೇರಂ ಆಡ್ತಿದ್ದೆ. ಹದಿನೇಳನೇ ತಾರೀಖು ಶನಿವಾರ ಜೋರು ಮಳೆ. ಅವತ್ತು ಮೂರು ಆಟಕ್ಕೆ ಮೂರೂ ಸಲ ರಾಣಿ ನನಗೇ ಬಿದ್ದಿತ್ತು. ನಾಲ್ಕೈದು ದಿನ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳ್ಕೊಂಡು ತಿರುಗಿದೆ.

ಇಪ್ಪತ್ತೆರಡನೇ ತಾರೀಖು ಗುರುವಾರ ಔಷಧಿ ಇಲಾಖೆಯ ಇನ್ಸ್‌ಪೆಕ್ಟರು ಬಂದ. ಘಟ್ಟದ ಮೇಲಿನವ, ಕೊಡೆ ಮಡಚ್ಲಿಕ್ಕೂ ಬರ್ತಿರ್ಲಿಲ್ಲ. ಕೊಡೆ ನೀರನ್ನೆಲ್ಲ ನಮ್ಮ ಮೇಜಿನ ಮೇಲೆ ಬಸಿದು, ವಿಷದ ಬುಕ್ಕು ಕೇಳಿದ. ನಾನು ಎದೆ ಉಬ್ಬಿಸಿ ಕೊಟ್ಟೆ. ಅಷ್ಟು ಸ್ವಚ್ಛ ಬರ್ದ ಬುಕ್ಕು ಈ ಜಿಲ್ಲೆಯಲ್ಲಿ ಬೇರೆ ಇಲ್ಲ ಅಂತ ಗೊತ್ತಿತ್ತು. ಇರ್ಲಿಕ್ಕೆ ಹೇಗೆ ಸಾಧ್ಯ? ಎಲ್ಲ ಒಂದೇ ಶಾಯಿ, ಒಂದೇ ಪೆನ್ನು, ಒಂದೇ ದಿನ.

ಅವ ಬೆರಳಿಟ್ಟು ಓದಿದ, ನಿಂತ, ಗೋಡೆ ಕ್ಯಾಲೆಂಡರ್ ನೋಡಿದ, ತನ್ನ ವಾಚಿನ ತಾರೀಖೂ ನೋಡಿದ. ಪಾಪ, ತಪ್ಪು ತನ್ನದೇ ಇರ್ಬಹುದು ಅನ್ನೋ ಅನುಮಾನ. ಆಮೇಲೆ ಕೇಳಿದ, "ಏನ್ರೀ, ಜೂನ್‌ಗೆ ಮೂವತ್ತೊಂದು ದಿನ ಇಡೀ ದೇಶಕ್ಕೋ, ಭಟ್ಕಳಕ್ಕೆ ಮಾತ್ರವೋ?"

ನಗ್ಬೇಕು ಅನ್ನಿಸ್ತು, ನಕ್ಕೆ. ಅವ ನಗ್ಲಿಲ್ಲ. ಅಜ್ಜಿ ಹೆಸರನ್ನ ಗಟ್ಟಿಯಾಗಿ ಓದಿ, ಇವರಿಗೆ ಇಪ್ಪತ್ನಾಲ್ಕಕ್ಕೂ ಮೂವತ್ತೊಂದಕ್ಕೂ ಈಗಲೇ ಕೊಟ್ಟಾಗಿದೆಯಲ್ಲ, ಎಲ್ಲಿದ್ದಾರೆ ಅಂದ. ಬೆಂಚಿನಲ್ಲಿ ಬಾಟ್ಲಿ ಹಿಡ್ಕೊಂಡು ಕೂತಿದ್ದ ಮಾವಳ್ಳಿಯವನೊಬ್ಬ ನಿಧಾನಕ್ಕೆ ಎದ್ದು ಹೇಳಿದ, "ರಾಯ್ರೆ, ಆ ಅಜ್ಜಿ ನಿನ್ನೆ ತೀರ್ಕಂತು."

ಅಲ್ಲಿಗೆ ಆತು. ಸತ್ತವರಿಗೆ ಔಷಧಿ ಕೊಟ್ಟ, ಅದೂ ಇಲ್ಲದ ದಿನ ಕೊಟ್ಟ ಕಂಪೌಂಡರ್ ಇಡೀ ರಾಜ್ಯದಲ್ಲಿ ನಾನೊಬ್ಬನೇ ಇರ್ಬೇಕು.

ಕೆಲವು ವಾರದಲ್ಲೇ ಕಾಗದ ಬಂತು. ನೋಂದಣಿಯಿಂದ ನನ್ನ ಹೆಸರು ಹೊಡ್ದು ಹಾಕಿದ್ದಾರೆ, ಲೈಸೆನ್ಸ್ ತಿರುಗಿ ಕಳಿಸ್ಬೇಕು. ಕನ್ನಡಿ ತೆಗ್ದು ಕಾಗದ ಕಳಿಸಿದೆ. ಗೋಡೆಯಲ್ಲಿ ಮೊಳೆ ಮಾತ್ರ ಉಳೀತು. ಡಾಕ್ಟರು ಬಯ್ಯಲಿಲ್ಲ, ಬೈದಿದ್ರೆ ಒಳ್ಳೇದಿತ್ತು. ಇನ್ನು ಒಂದು ಹನಿ ಔಷಧಿ ಮುಟ್ಟಬೇಡ ಅಂತ ಹೇಳಿ, ನನ್ನನ್ನ ಹೊರಗೆ ಬೆಂಚಿನ ಹತ್ರ ನಿಲ್ಲಿಸಿದ್ರು. ಕೆಲಸ ಎಂತ ಅಂದ್ರೆ ಮುಂದಿನವರು ಬನ್ನಿ ಅಂತ ಕೂಗೂದು. ಶಿವರಾತ್ರಿವರೆಗೆ ಕಾಯ್ತೇನೆ, ಅಷ್ಟರೊಳಗೆ ಹೆಸರು ವಾಪಸ್ ಬಾರದಿದ್ರೆ ಬೇರೆ ಕಂಪೌಂಡರನ್ನ ತರ್ತೇನೆ ಅಂದ್ರು. ನನಗೆ ಬೇರೆ ವಿದ್ಯೆ ಬರ್ತಿರ್ಲಿಲ್ಲ. ಕೇರಂ ಆಡಿದ್ದಕ್ಕೆ ಯಾರೂ ಪಗಾರ ಕೊಡೂದಿಲ್ಲ.

ಅರ್ಜಿ ಬರ್ದೆ. ಲೈಸೆನ್ಸ್ ಕೊಟ್ಟದ್ದು ಮುಂಬೈ, ಕಿತ್ಕೊಂಡದ್ದು ಬೆಂಗಳೂರು. ಬೆಂಗಳೂರಿಗೆ ಬರ್ದ್ರೆ ಹಳೇ ಕಾಗದ ಮುಂಬೈಯಲ್ಲಿದೆ, ಅಲ್ಲಿ ಕೇಳು ಅಂದ್ರು. ಮುಂಬೈಗೆ ಬರ್ದ್ರೆ, ನಿಮ್ಮ ಜಿಲ್ಲೆ ನಮ್ಮದಲ್ಲ, ಅಲ್ಲೇ ಕೇಳು ಅಂದ್ರು. ಎರಡು ಸರಕಾರ ನನ್ನನ್ನ ಕೇರಂ ಕಾಯಿ ಹಾಗೆ ಆಚೆ ಈಚೆ ಹೊಡೆದ್ವು, ತೂತಿಗೆ ಮಾತ್ರ ಹಾಕ್ಲಿಲ್ಲ. ಕಡೆಗೆ ಜನವರಿಯಲ್ಲಿ ಬೆಂಗಳೂರಿನಿಂದ ಒಂದು ಕಾಗದ ಬಂತು. ನೋಂದಣಿ ಕಚೇರಿಯ ಒಬ್ಬ ಸಾಹೇಬ್ರು ಕುಮಟೆಯ ಸರಕಾರಿ ಬಂಗ್ಲೆಯಲ್ಲಿ ಎರಡು ದಿನ ಉಳೀತಾರೆ, ಹಾಜರಾಗು. ಬರುವಾಗ ಎರಡು ಕಾಗದ ತಾ. ಒಂದು, ನಿನ್ನನ್ನ ಐದು ವರ್ಷದಿಂದ ಬಲ್ಲ ಗೌರವಸ್ಥರು ಕೊಟ್ಟ ನಡತೆ ಸರ್ಟಿಫಿಕೇಟು. ಇನ್ನೊಂದು, ತೀರಿಕೊಂಡ ಅಜ್ಜಿಯ ಮನೆಯವರ ಹೇಳಿಕೆ.

ಹೇಳಿಕೆ ನಾನೇ ಬರ್ದೆ. ನನ್ನ ಕೈಗೆ ಮೊದಲೇ ಬರ್ದಿಡೂ ರೋಗ. "ಸದರಿ ಕಂಪೌಂಡರು ನಮ್ಮ ತಾಯಿಗೆ ಕೊನೆಯವರೆಗೂ ತಪ್ಪದೆ ಔಷಧಿ ಕೊಟ್ಟು ಮಗನಂತೆ ನೋಡಿಕೊಂಡಿದ್ದಾರೆ, ನಮ್ಮದು ಏನೂ ತಕರಾರು ಇಲ್ಲ." ಓದಿ ನನಗೇ ಕಣ್ಣು ಒದ್ದೆ ಆತು. ಹೆಬ್ಬೆಟ್ಟು ಒತ್ತಿಸ್ಕೊಳ್ಳೂ ಶಾಯಿ ಡಬ್ಬಿ ಕಿಸೆಗೆ ಹಾಕಿ, ಮಾವಳ್ಳಿಯಲ್ಲಿ ಇಳ್ದೆ.

ಅಜ್ಜಿಯ ಮಗಳು ಗದ್ದೆಯಲ್ಲಿ ಹರಿವೆ ಸೊಪ್ಪಿನ ಮಡಿಗೆ ಕೊಡಪಾನದಿಂದ ನೀರು ಹೊಯ್ತಾ, ಸಣ್ಣಕೆ ಹಾಡು ಹೇಳ್ತಾ ಇದ್ದಳು. ನಲವತ್ತರ ಹತ್ರದ ಹೆಂಗಸು. ನಾನು ಯಾರು ಅಂತ ಹೇಳಿದ ಕೂಡಲೇ ಹಾಡು ನಿಂತಿತು, ನೀರು ನಿಲ್ಲಲಿಲ್ಲ. ಇಲ್ಲೊಂದು ಹೆಬ್ಬೆಟ್ಟು ಒತ್ತಿ ಅಕ್ಕ, ಬಸ್ಸು ಬರ್ತದೆ ಅಂದೆ.

"ಎಂತ ಬರ್ದಿದ್ದಿ, ಓದು ನೋಡ್ವ," ಅಂದಳು.

ನಾನು ರಾಗ ಹಾಕಿ ಓದಿದೆ. ಅವಳು ಖಾಲಿ ಕೊಡಪಾನ ಸೊಂಟಕ್ಕೆ ಇಟ್ಕೊಂಡು ಕೇಳಿದಳು. "ಇದು ಯಾರ ಅವ್ವಿ ಸುದ್ದಿ? ನಮ್ಮ ಅವ್ವಿಗೆ ನಿನ್ನ ಹೆಸ್ರೂ ಗೊತ್ತಿರ್ಲಿಲ್ಲ. ‘ತಪ್ಪದೆ’ ಹೇಳಿ ಬರ್ದಿದ್ಯಲ, ಕಡೇ ಶನಿವಾರವೂ ಕೊಟ್ಟಿದ್ಯಾ?"

ನನಗೆ ನೆನಪಿರ್ಲಿಲ್ಲ. ನೆನಪು ಯಾಕೆ ಬೇಕು, ಬುಕ್ಕು ಇದೆಯಲ್ಲ? "ಕೊಟ್ಟಿದ್ದೇನೆ ಅಕ್ಕ. ಹದಿನೇಳನೇ ತಾರೀಖು, ಬುಕ್ಕಲ್ಲಿ ಉಂಟು," ಅಂದೆ.

ಅವಳು ನನ್ನನ್ನ ಒಂದು ಸಲ ಮೇಲಿಂದ ಕೆಳಗೆ ನೋಡಿದಳು. "ಬುಕ್ಕಲ್ಲಿ ಉಂಟಾದ್ರೆ ಬುಕ್ಕಿನ ಹತ್ರವೇ ಹೆಬ್ಬೆಟ್ಟು ಒತ್ತಿಸ್ಕೊ, ತಮಾ," ಅಂತ ಹೇಳಿ ನೀರು ತರ್ಲಿಕ್ಕೆ ಬಾವಿ ಕಡೆ ಹೋದಳು.

ಓದ್ಲಿಕ್ಕೆ ಬಾರದವಳಿಗೆ ಇಷ್ಟು ಸೊಕ್ಕಾ ಅಂದ್ಕೊಂಡೆ. ಇವಳ ಹೆಬ್ಬೆಟ್ಟು ಯಾರಿಗೆ ಬೇಕು, ದೊಡ್ಡವರ ಸಹಿ ಇದ್ರೆ ಸಾಕು ಅಂತ ಬಸ್ಸು ಹತ್ತಿದೆ. ಹೊಳೆಯ ಈಚೆ ದಡದ ಕಾಸರಕೋಡಿನಲ್ಲಿ ಇಳ್ದು, ಲಾಂಚಿನಲ್ಲಿ ಶರಾವತಿ ದಾಟಿ ಹೊನ್ನಾವರ ಸೇರಿದೆ.

ಅಲ್ಲಿ ಡಾಕ್ಟರ ಪರಿಚಯದ ಒಬ್ಬ ರಿಟೈರಾದ ಮಾಮ್ಲೇದಾರ್ರು, ಅಂದ್ರೆ ಈಗಿನ ತಹಶೀಲ್ದಾರ್ರು, ಇದ್ರು. ಆರಾಮ ಕುರ್ಚಿಯಿಂದ ಏಳದೆ ಊರಿಗೆಲ್ಲ ನಡತೆ ಹಂಚೂದೇ ಅವರ ಕೆಲಸ. ಬರ್ಕೊಂಡು ಹೋದ್ರೆ ಸಹಿ ಹಾಕ್ತಾರೆ, ಅದೇ ಪದ್ಧತಿ. ನಾನು ಅವರ ಜಗಲಿಯಲ್ಲೇ ಕೂತು ಬರ್ದೆ. ಸತ್ಯವಂತ, ವಿನಯವಂತ, ಪರೋಪಕಾರಿ. ಎಷ್ಟು ವರ್ಷದಿಂದ ಬಲ್ಲರು ಅನ್ನೋ ಜಾಗಕ್ಕೆ ಬಂದಾಗ, ಸರಕಾರ ಕೇಳಿದ್ದು ಐದು. ಐದು ಅಂತ ಬರೆದ್ರೆ ಬಡವರ ಮನೆ ಊಟದ ಹಾಗೆ ಕಾಣ್ತದೆ. ಮೂವತ್ತು ಅಂತ ಹಾಕಿದೆ.

ಮಾಮ್ಲೇದಾರ್ರು ನಾನು ಯಾರ ಮಗ ಅಂತ ಕೇಳಿ, ಉತ್ತರವನ್ನೂ ತಾವೇ ತಪ್ಪು ಹೇಳಿ, ಒಂದಕ್ಷರ ಓದದೆ ಸಹಿ ಹೊಡೆದ್ರು. ಬ್ರಿಟಿಷರ ಕಾಲದಲ್ಲಿ ಕಂಪೌಂಡರುಗಳು ಎಷ್ಟು ಶಿಸ್ತಿನವರಿದ್ರು ಅಂತ ಅರ್ಧ ತಾಸು ಹೇಳಿದ್ರು. ನಾನು ತಲೆ ಆಡಿಸ್ತಾ ಶಾಯಿ ಒಣಗೂದನ್ನೇ ಕಾದೆ.

ಮರುದಿನ ಬೆಳಿಗ್ಗೆ ಕುಮಟೆ. ಬಂಗ್ಲೆಯ ಜಗಲಿಯಲ್ಲಿ ಒಬ್ಬ ಹೆಡ್ ಕ್ಲಾರ್ಕು ಮೇಜು ಹಾಕ್ಕೊಂಡು ಕೂತಿದ್ದ. ಒಳಗೆ ಬಿಡೂದು ತನ್ನ ಅಜ್ಜನ ಆಸ್ತಿ ಅನ್ನೋ ಹಾಗೆ ಒಬ್ಬೊಬ್ಬರನ್ನ ಬಿಡ್ತಿದ್ದ. ಸಾಹೇಬ್ರು ಮೈಸೂರು ಕಡೆಯವರು, ತೆಳ್ಳಗೆ, ನಮ್ಮ ಸೆಕೆಗೆ ಬೆವತು ಕರವಸ್ತ್ರ ಹಿಂಡ್ತಾ ಇದ್ರು. ಸರ್ಟಿಫಿಕೇಟು ಓದಿದ್ರು.

"ನಿನಗೆ ವಯಸ್ಸೆಷ್ಟಪ್ಪಾ?"

"ಇಪ್ಪತ್ನಾಲ್ಕು, ಸಾಹೇಬ್ರೆ."

"ಈ ಮಹಾನುಭಾವರು ನಿನ್ನನ್ನ ಮೂವತ್ತು ವರ್ಷದಿಂದ ಬಲ್ಲರಂತೆ."

ಹೋದ ಜನ್ಮದ್ದೂ ಸೇರಿಸಿರ್ಬೇಕು ಅಂದೆ. ಹೊರಗಿದ್ದ ಹೆಡ್ ಕ್ಲಾರ್ಕು ನಕ್ಕ. ಸಾಹೇಬ್ರು ಸರ್ಟಿಫಿಕೇಟನ್ನ ನಾಲ್ಕು ಮಡಿಕೆ ಮಾಡಿ, ಎಂಜಲೆಲೆ ದೂಡುವ ಹಾಗೆ ಒಂದು ಬೆರಳಿಂದ ನನ್ನ ಕಡೆ ದೂಡಿದ್ರು. ಬರ್ದದ್ದು ಯಾರು ಅಂತ ಕೇಳಿದ್ರು. ನಾನೇ ಅಂದೆ. ಮೂವತ್ತರ ಆಚೆ ಈಚೆ ನಿನ್ನ ಲೆಕ್ಕ ಯಾವಾಗ್ಲೂ ಹೀಗೇನಾ ಅಂದ್ರು. ಮನೆಯವರ ಹೇಳಿಕೆ ಎಲ್ಲಿ ಅಂದ್ರು. ಅವರಿಗೆ ಓದು ಬರಹ ಇಲ್ಲ ಅಂತ ಏನೋ ಗೊಣಗಿದೆ.

"ನಾಳೆ ಮಧ್ಯಾಹ್ನದವರೆಗೆ ಇಲ್ಲಿರ್ತೀನಿ. ಆ ಮನೆಯವರು ಏನು ಹೇಳ್ತಾರೋ ಅದನ್ನ ತಗೊಂಡು ಬಾ. ಇಲ್ಲದಿದ್ದರೆ ಅರ್ಜಿ ವಜಾ, ಮತ್ತೆ ಬರೆಯೋ ಹಾಗಿಲ್ಲ."

ಮತ್ತೆ ಬಸ್ಸು, ಮತ್ತೆ ಲಾಂಚು, ಮತ್ತೆ ಬಸ್ಸು. ಮಾವಳ್ಳಿಗೆ ಬರುವಾಗ ಬಿಸಿಲು ಇಳಿದಿತ್ತು. ಅವಳು ಜಗಲಿಯಲ್ಲಿ ಕೂತು ಅಕ್ಕಿ ಆರಿಸ್ತಾ ಇದ್ದಳು. ಈ ಸಲ ನಾನು ಎಂತದ್ದೂ ಬರ್ಕೊಂಡು ಬಂದಿರ್ಲಿಲ್ಲ. ಖಾಲಿ ಕಾಗದ ತೋರಿಸ್ದೆ. ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದಿಟ್ಟು, ನಾ ಹೇಳ್ದಾಂಗೆ ಬರಿ ಅಂದಳು.

"ಕಡೇ ಶನಿವಾರ ಅವ್ವಿ ಬಾಟ್ಲಿ ಹಿಡ್ಕಂಡು ಭಟ್ಕಳಕ್ಕೆ ಬಂದಿತ್ತು. ನಿಮ್ಮ ಬಾಗ್ಲಿಗೆ ಬೀಗ. ಮಳೇಲಿ ಮೆಟ್ಲ ಮೇಲೆ ಸಂಜೆ ಬಸ್ಸಿನವರೆಗೂ ಕೂತು, ಖಾಲಿ ಬಾಟ್ಲಿ ತಕ್ಕಂಡು ತಿರುಗಿ ಬಂತು. ಬುಧವಾರದವರೆಗೆ ನೋವಲ್ಲೇ ಇತ್ತು. ಬರ್ದ್ಯಾ?"

ಬರ್ದೆ. ಅವತ್ತು ಮೂರು ಸಲ ರಾಣಿ ಬಿದ್ದದ್ದು ನನಗೆ. ಚಾ ಅಂಗಡಿಗೂ ನಮ್ಮ ಮೆಟ್ಟಿಲಿಗೂ ನಡುವೆ ಒಂದು ತಟ್ಟಿ ಗೋಡೆ. ಯಾರಾದ್ರೂ ಕೆಮ್ಮಿದ್ರೂ ಕೇಳ್ತಿತ್ತು. ಆದ್ರೆ ನಾನು ಆಡುವಾಗ ನನ್ನ ಬಾಯಿ ನಿಲ್ತಿರ್ಲಿಲ್ಲ, ಕೇಳೂದು ಹೇಗೆ? ತಮಾಷೆ ಮಾಡ್ಲಿಕ್ಕೆ ಒಂದು ಮಾತಾದ್ರೂ ಸಿಗ್ತದಾ ಅಂತ ಹುಡುಕಿದೆ. ಸಿಕ್ಕಲಿಲ್ಲ. ನನ್ನ ಜನ್ಮದಲ್ಲಿ ಅದೊಂದೇ ಸಲ.

"ಮತ್ತೆ ಎಂತ ಬರೀಲಿ ಅಕ್ಕ?"

"ಔಷಧಿ ಸಿಕ್ಕಿದ್ರೂ ಅವ್ವಿ ಉಳೀತಿರ್ಲಿಲ್ಲ, ಡಾಕ್ಟ್ರು ಮೊದ್ಲೇ ಹೇಳಿದ್ರು. ಅದನ್ನೂ ಬರಿ. ನೋವು ತಡೀತಿತ್ತು, ಅಷ್ಟೇ. ನೀ ಕೊಂದೆ ಹೇಳಿ ನಾ ಸುಳ್ಳು ಹೇಳೂದಿಲ್ಲ. ನೀ ಕೊಟ್ಟೆ ಹೇಳಿಯೂ ಹೇಳೂದಿಲ್ಲ." ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸ್ದು, "ಲೈಸೆನ್ಸ್ ಕೊಡೂದು ಬಿಡೂದು ಅವ್ರಿಗೆ ಬಿಟ್ಟದ್ದು ಹೇಳಿ ಬರಿ," ಅಂದಳು.

ಮೂರು ಸಲ ಓದಿಸಿದಳು. ಎರಡನೇ ಸಲ ನಾನು ನೋವಲ್ಲೇ ಇತ್ತು ಅನ್ನೋ ಕಡೆ ದನಿ ಇಳಿಸಿದೆ. ಅಲ್ಲಿ ಗಟ್ಟಿ ಓದು ಅಂದಳು. ಆಮೇಲೆ ಹೆಬ್ಬೆಟ್ಟು ಒತ್ತಿ, ಬೆರಳನ್ನ ನಾರಿನಿಂದ ಉಜ್ಜಿ ಉಜ್ಜಿ ತೊಳ್ಕೊಂಡಳು.

ಬೆಳಿಗ್ಗೆ ಮೊದಲ ಲಾಂಚಿನಲ್ಲಿ ಕೂತು ಆ ಕಾಗದ ತೆಗ್ದು ನೋಡಿದೆ. ಇದನ್ನ ಕೊಟ್ಟರೆ ಬೆಂಚಿನ ಹತ್ರ ಕೂಗೂ ಕೆಲಸವೂ ಹೋಗ್ತದೆ. ಕಿಸೆಯಲ್ಲಿ ಖಾಲಿ ಕಾಗದ ಇತ್ತು, ಶಾಯಿ ಡಬ್ಬಿ ಇತ್ತು, ಹೆಬ್ಬೆಟ್ಟು ನನ್ನ ಕೈಯಲ್ಲೂ ಎರಡು ಇದ್ವು. ಹೊಳೆಗೆ ಒಂದು ಕಾಗದ ಬಿಟ್ಟು ಇನ್ನೊಂದು ಬರೆಯಲಿಕ್ಕೆ ಹೊನ್ನಾವರ ದಡ ಸಿಗೂವರೆಗೆ ಬೇಕಾದಷ್ಟು ಹೊತ್ತು. ಬರೀಲಿಲ್ಲ. ಧರ್ಮಬುದ್ಧಿ ಬಂತು ಅಂತ ತಿಳೀಬೇಡಿ. ನಾನು ಅಲ್ಲಿಯವರೆಗೆ ಮಾಡಿದ ಸುಳ್ಳು ಕಾಗದ ಎರಡು, ಆ ಮೊದಲ ಹೇಳಿಕೆ ಮತ್ತೆ ಸರ್ಟಿಫಿಕೇಟು, ಎರಡನ್ನೂ ಕತ್ತೆ ಸಹಿತ ಹಿಡಿಯೋ ಹಾಗಿತ್ತು. ಮೂರನೆಯದಕ್ಕೆ ನನ್ನ ಮೇಲೇ ನನಗೆ ಭರವಸೆ ಇರ್ಲಿಲ್ಲ. ಮತ್ತೆ, ಅಲ್ಲಿ ಗಟ್ಟಿ ಓದು ಅಂದದ್ದು ಕಿವಿಯಿಂದ ಹೋಗಿರ್ಲಿಲ್ಲ.

ಸಾಹೇಬ್ರು ಓದಿದ್ರು. ಮತ್ತೊಮ್ಮೆ ಓದಿದ್ರು. ಇದನ್ನ ಬರ್ದದ್ದು ಯಾರು ಅಂದ್ರು.

"ಅಕ್ಷರ ನನ್ನದು, ಸಾಹೇಬ್ರೆ. ಮಾತು ಅವರದ್ದು."

"ಅವರಿಗೆ ಓದೋಕೆ ಬರಲ್ಲ ಅಂದೆ."

"ಬರೂದಿಲ್ಲ."

ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸ್ಕೊಂಡು ನನ್ನನ್ನ ನೋಡಿದ್ರು. ಮೆಚ್ಚಿ ನೋಡಿದ್ದಲ್ಲ. ಹಳಸಿದ ಅನ್ನದಲ್ಲಿ ತಿನ್ನಬಹುದಾದದ್ದು ಒಂದು ತುತ್ತಾದ್ರೂ ಉಳಿದಿದೆಯಾ ಅಂತ ನೋಡಿದ ಹಾಗೆ. ಬೀಗ ಹಾಕಿದಾಗ ಎಲ್ಲಿದ್ದೆ ಅಂದ್ರು. ಕೇರಂ ಆಡ್ತಿದ್ದೆ ಅಂದೆ. ಅದನ್ನೂ ಬರ್ಕೊಂಡ್ರು. ಹೋಗು ಅಂದ್ರು.

ಶಿವರಾತ್ರಿಗೆ ಎಂಟು ದಿನ ಇರುವಾಗ ಆರ್ಡರು ಬಂತು. ಹೆಸರು ವಾಪಸ್. ಆದ್ರೆ ಒಂದು ವರ್ಷ ವಿಷದ ಬುಕ್ಕಿನಲ್ಲಿ ನಾನು ಬರ್ದ ಒಂದೊಂದು ಸಾಲಿಗೂ ಡಾಕ್ಟರು ಆ ಹೊತ್ತಿಗೇ ಸಹಿ ಹಾಕ್ಬೇಕು. ಇಪ್ಪತ್ನಾಲ್ಕು ವರ್ಷದ ಗಂಡಸು ಒಂದನೇ ಕ್ಲಾಸಿನ ಮಗುವಿನ ಹಾಗೆ ಸ್ಲೇಟು ತೋರಿಸ್ಕೊಂಡು ತಿರುಗ್ಬೇಕು. ಡಾಕ್ಟರು ಆರ್ಡರು ಓದಿ, ಕನ್ನಡಿ ಹಾಕಿಸೂದು ಬೇಡ, ಡ್ರಾಯರಿನಲ್ಲಿ ಇಡು ಅಂದ್ರು. ಮೊಳೆ ನಾನೇ ಕಿತ್ತೆ. ಕೇರಂ ಬಿಟ್ಟೆ ಅಂತ ಹೇಳಿದ್ರೆ ಸುಳ್ಳಾಗ್ತದೆ, ಭಾನುವಾರ ಆಡ್ತೇನೆ. ಈಗ ರಾಣಿ ಬೀಳೂದು ಕಡಿಮೆ.

ಹೆಸರು ತಿರುಗಿ ಬಂದು ಒಂದು ತಿಂಗಳಾಗಿರ್ಬೇಕು, ಒಂದು ಶನಿವಾರ ಆ ಮಾವಳ್ಳಿಯ ಅಕ್ಕನೇ ಬಾಗಿಲಲ್ಲಿ ನಿಂತಿದ್ದಳು. ಗಂಡನಿಗೆ ಒಣಕೆಮ್ಮು, ರಾತ್ರಿಯೆಲ್ಲ ನಿದ್ದೆ ಇಲ್ಲ. ಡಾಕ್ಟರು ನೋಡಿ ಬರ್ದದ್ದು ಅದೇ ಅಫೀಮು ಸೇರಿದ ಔಷಧಿ. ಸೆರಗಿನಿಂದ ಬಾಟ್ಲಿ ತೆಗ್ದು ಕೊಟ್ಟಳು. ಅಜ್ಜಿಯದ್ದೇ ಬಾಟ್ಲಿ. ನಾನು ಅಂಟಿಸಿದ್ದ ಪಟ್ಟಿ ಬೆನ್ನಿಗೆ ಹಾಗೇ ಇತ್ತು, ಒಂದು ಕಚ್ಚು ಅಗಲ, ಒಂದು ಸಪೂರ.

ಪಟ್ಟಿ ಕೆರ್ದು, ಬಾಟ್ಲಿ ಎರಡು ಸಲ ತೊಳ್ದೆ. ಔಷಧಿ ತುಂಬಿದೆ. ಹೊಸ ಕಾಗದ ಮಡಚಿ, ಹಲ್ಲು ಕಚ್ಚಿ, ಎಲ್ಲ ಕಚ್ಚನ್ನೂ ಒಂದೇ ಅಳತೆಗೆ ಹಾಕಿ ಅಂಟಿಸಿದೆ. ಇನ್ನು ನನ್ನ ಶಿಸ್ತು ಅವಳಿಗೆ ಕಾಣ್ಲಿ ಅಂತ, ಬಾಟ್ಲಿಯನ್ನ ನನ್ನ ಮೇಜಿನ ಮೇಲೇ ಇಟ್ಟು ವಿಷದ ಬುಕ್ಕು ಬಿಚ್ಚಿದೆ. ಕ್ಯಾಲೆಂಡರ್ ನೋಡಿ, ಡಾಕ್ಟರನ್ನ ಕರ್ದು, ಶಾಯಿ ಅದ್ದಿ ತಾರೀಖು ಬರೀಲಿಕ್ಕೆ ಹೊರಟೆ.

ಅವಳು ಮೇಜಿನ ಮೇಲಿಂದ ಕೈ ಚಾಚಿದಳು.

"ತಮಾ, ಮೊದ್ಲು ಬಾಟ್ಲಿ ನನ್ನ ಕೈಗೆ ಕೊಡು. ಬರ್ಕಳ್ಳೂದು ಆಮೇಲೆ."